ಅಪ್ಪನ ನಾಲಿಗೆ ಮತ್ತು ಅತಿಮಧುರದ ಬೇರು

ಮೊನ್ನೆ ಗ್ರಂಥಿಗೆ ಅಂಗಡಿಯವನು ಅತಿಮಧುರದ ಬೇರು ಜಜ್ಜುತ್ತಿದ್ದ. ಆ ಸಿಹಿ ಮಣ್ಣಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಚಳ್ಳಕೆರೆಯ ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂತು. ತೊಂಬತ್ತರ ದಶಕದ ಆ ಮನೆ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ನಿಮ್ಮ ಬಾಲ್ಯದ ಮನೆಯೂ ಹೀಗೇ ಯಾವುದೋ ಅಂಗಡಿಯ ಕೆಳಗೆ ಹೂತುಹೋಗಿದ್ದರೆ ಈ ಸಂಕಟ ನಿಮಗೂ ಗೊತ್ತಿರುತ್ತದೆ.

ಅಪ್ಪ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಆರಿಸಿ ಕೊಡುತ್ತಿದ್ದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಮಂಡಿಗೆ ಹೋಗಿ, ಒಂದೊಂದು ಚೀಲದಿಂದಲೂ ಹಸಿ ಕಾಳು ತೆಗೆದು ಬಾಯಿಗೆ ಹಾಕಿ ಅಗಿಯುವರು. ಉಂಡು ಹೋದರೆ ನಾಲಿಗೆ ಮಂಕಾಗುತ್ತದೆಂದು ಅವರ ನಂಬಿಕೆ. ನೋಡಲು ಚೆಂದವಿದ್ದ ಕಾಳಿನೊಳಗೆ ಕಮಟು ಅಡಗಿದ್ದರೆ ಅವರಿಗೆ ಮೊದಲು ತಿಳಿಯುತ್ತಿತ್ತು. ಅವರು ಬೇಡವೆಂದು ತಲೆಯಾಡಿಸಿದರೆ ಮುಗಿಯಿತು, ದೇವಸಮುದ್ರದ ಕಡೆಯ ರೈತರೂ ಎದುರು ಮಾತಾಡುತ್ತಿರಲಿಲ್ಲ. ಹಸಿ ಶೇಂಗಾ, ಅದರ ಮೇಲೆ ಟೀ, ವರ್ಷಗಟ್ಟಲೆ ಹೀಗೇ ನಡೆದು ಎದೆ ಉರಿ ಹತ್ತಿಕೊಂಡಿತು. ಮಲಗಿದರೆ ಹುಳಿ ನೀರು ಗಂಟಲಿಗೆ ಬರುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವರು. ಅನ್ನನಾಳ ಒಳಗೆಲ್ಲ ಕೆಂಪಾಗಿ ಊದಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ಮುಗಿದೊಡನೆ ಉರಿ ಮತ್ತೆ ಹಾಜರು.

ಆಗ ಅವ್ವ ತನ್ನ ತವರು ಸಿದ್ದಾಪುರದ ರೂಢಿ ಹಿಡಿದಳು. ಅತಿಮಧುರ ಜಜ್ಜಿ ಕುದಿಸಿ, ಆರಿದ ಮೇಲೆ ಲೋಳೆಸರದ ತಿರುಳು ಕದಡಿ ಕೊಡುವಳು. ಬೆಳಗ್ಗೆ ಬಾಯಿಗೆ ಮೊದಲು ಬೀಳುವುದು ಅದೇ ಆಗಬೇಕು, ಗುಟುಕು ಗುಟುಕಾಗಿ ನುಂಗಬೇಕು. ಕೆಲವು ವಾರ ಕಳೆದ ಮೇಲೆ ಅಪ್ಪ ಕಾಲು ಚಾಚಿ ಮಲಗಿದರು. ಅವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿ ಅತ್ತಳು.

ಆದರೆ ಆ ಬೇರಿನ ಸಿಹಿ ಸುಲಭಕ್ಕೆ ನಾಲಿಗೆ ಬಿಡುವುದಿಲ್ಲ. ಒಂದು ದಿನ ಅಪ್ಪ ಒಪ್ಪಿ ಕಳಿಸಿದ ಲಾರಿ ತುಂಬ ಕಮಟು ಕಾಳು. ಜೊತೆಯ ವ್ಯಾಪಾರಿ ಬಷೀರ್ ಸಾಬರು ಮನೆಗೇ ಬಂದು, ಟೀ ಬೇಡವೆಂದು, ತಲೆ ತಗ್ಗಿಸಿ ಕೇಳಿದರು: “ಅಣ್ಣಾ, ನಿಮ್ ಬಾಯಿಗೆ ಏನಾಗೈತೆ? ಎಲ್ಲಾ ಸಿಹಿ ಅಂತೀರಲ್ಲ.”

ಅಪ್ಪನಿಗೆ ಕಾರಣ ಗೊತ್ತಿತ್ತು. ಮರುದಿನದಿಂದಲೇ ಕಷಾಯ ಬಿಟ್ಟರು. ಉರಿ ತಿರುಗಿ ಬಂತು, ಒಮ್ಮೆ ಕೆಮ್ಮಿದಾಗ ರಕ್ತವೂ ಬಂತು. ಅವ್ವ ಲೋಟ ಮುಂದಿಟ್ಟು, “ನಿಮಗೆ ನಾಲಿಗೆ ಬೇಕಿರಬೋದು, ನನಗೆ ನೀವು ಬೇಕ್ರಿ. ಕುಡೀರಿ” ಅಂದಳು. ಅಪ್ಪ ಲೋಟ ಎತ್ತಿ ಗುಟುಕು ಗುಟುಕಾಗಿ ಕುಡಿದರು. ಮಂಡಿಗೆ ಹೋಗುವುದು ಅಲ್ಲಿಗೆ ನಿಂತಿತು.

ಅಪ್ಪ ಗುಣವಾದರು. ಬೆಳಗಾದರೆ ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ಕೂರುವರು, ಎಲ್ಲಿಗೂ ಹೋಗರು. ನೋಡಿ ನೋಡಿ ನಮಗೇ ದಣಿವಾಗುತ್ತಿತ್ತು. ಒಂದು ಬೆಳಗ್ಗೆ ಅವ್ವ ಚಟ್ನಿಗೆ ಶೇಂಗಾ ತೆಗೆದವಳು, ಅಂಗೈಯಲ್ಲಿ ಒಂದಿಷ್ಟು ಕಾಳು ಹಿಡಿದು ಅವರ ಮುಂದೆ ನಿಂತಳು. “ನೋಡ್ರಿ, ಹೆಂಗೈತೆ?” ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ಅಗಿದರು. “ಮಾಲು ಚೆನ್ನಾಗೈತೆ” ಅಂದರು.

ಚಟ್ನಿ ಬಾಯಿಗಿಟ್ಟರೆ ಬರೀ ಕಮಟು. ಅವ್ವ ನಮ್ಮನ್ನೊಮ್ಮೆ ನೋಡಿದಳು. ನಾವೆಲ್ಲ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು, ಒಂದು ಚೂರೂ ಉಳಿಸದೆ ತಿಂದೆವು.