ಸಿಂಗಲ್ ಅಲ್ಲ, ಶಿಂಗಲ್

ಕಟಕ್. ಶಿಂಗಲ್ಸ್ ಕತ್ತರಿಸಲೆಂದು ನಾನೇ ಕೊಂಡುತಂದ ಕಟರ್‌ನ ಉದ್ದನೆಯ ಹಿಡಿಯನ್ನು ಒತ್ತಿದಾಗ ಬರುತ್ತಿದ್ದ ಸದ್ದು, ಹುರಿದ ಹುಣಸೆಬೀಜ ಹಲ್ಲಿಗೆ ಸಿಕ್ಕಂತೆ. ಕರೆಂಟ್ ಬೇಡ, ಮೋಟರ್ ಬೇಡ. ಚಿತ್ರದುರ್ಗದ ನನ್ನ ಮನೆಯ ಪೋರ್ಟಿಕೋಗೆ ಶಿಂಗಲ್ಸ್ ಹಾಕಿಸಿದ ವಾರವೆಲ್ಲ ಅದೇ ನನ್ನ ಮ್ಯೂಸಿಕ್. ಶಿಂಗಲ್ಸ್ ಎಂದರೆ ಹೆಂಚಿನ ಬದಲು ಹೊದಿಸುವ, ಡಾಂಬರು ಮೆತ್ತಿ ಮರಳು ಉದುರಿಸಿದ ಹಾಳೆಗಳು. ಕಾನ್ವೆಂಟಿನ ಇಂಗ್ಲಿಷ್ ರೀಡರ್‌ನಲ್ಲಿದ್ದ ಒಂದು ಕಾಟೇಜ್ ಇಷ್ಟು ವರ್ಷ ನನ್ನ ತಲೆಯಲ್ಲಿ ಬಾಡಿಗೆಗಿತ್ತು. ಅದರ ಚಾವಣಿ ಹೀಗೇ ಇತ್ತು.

ಕೆಲಸಕ್ಕೆ ಬಂದವನು ಮಾಡದಕೆರೆ ಕಡೆಯವನು, ಕುರಿ ಸಾಕುವವರ ಮನೆಯವನು. ಹೆಂಚಿನಲ್ಲಿ ಪಳಗಿದ ಕೈ, ಶಿಂಗಲ್ಸ್ ಮಾತ್ರ ಫಸ್ಟ್ ಟೈಮ್. ಹಿರಿಯೂರಿನ ಹತ್ತಿರ ಕಾಟೇಜುಗಳನ್ನು ಕಟ್ಟಿಸುತ್ತಿದ್ದ ಮಾಲೀಕರೊಬ್ಬರು ಅವನಿಗೆ, ಭಾನುವಾರ ಬಂದು ಇದನ್ನು ನೋಡುತ್ತೇನೆ, ಚೆನ್ನಾಗಿದ್ದರೆ ಅಲ್ಲಿನ ಅಷ್ಟೂ ಚಾವಣಿ ನಿನಗೇ ಎಂದಿದ್ದರು. ಇಡೀ ವರ್ಷದ ಕೆಲಸ.

ಗುರುವಾರ ಸಂಜೆ ನೋಡುತ್ತೇನೆ, ಎರಡು ಸಾಲು ಮುಗಿದಿವೆ. ಅಂಚಿಗೆ ಅಂಚು ಕೂಡಿಸಿ ಹೊಡೆದ ಮೊಳೆಗಳೆಲ್ಲ ಹೊರಗೇ ಮಿಂಚುತ್ತಿವೆ.

"ಏನಪ್ಪ, ಒಂದರ ಮೇಲೊಂದು ಬರಬೇಕಲ್ಲ?"

"ಫೋನ್‌ನಾಗೆ ನೀವೇ ಸಿಂಗಲ್ ಅಂದ್ರಲ್ಲಮ್ಮ. ಡಬಲ್ ಅಂದಿದ್ರೆ ಡಬಲ್ ಹಾಕ್ತಿದ್ದೆ."

"ಸಿಂಗಲ್ ಅಲ್ಲ, ಶಿಂಗಲ್."

"ಸಕ್ಕರೇನ ಶಕ್ಕರೆ ಅಂದಂಗಾತು."

ಎಲೊಕ್ಯೂಷನ್‌ನಲ್ಲಿ ಪ್ರೈಜ್ ತೆಗೆದುಕೊಂಡ ನಾಲಿಗೆ ನನ್ನದು. ನಗು ಬಂತು, ಆದರೆ ಅವನ ಮುಖ ನೋಡಿ ನುಂಗಿಕೊಂಡೆ. ಮೊಳೆ ಕಿತ್ತಾಗ ಹಾಳೆಗಳು ಅಲ್ಲಲ್ಲಿ ಹರಿದವು. ಹೊಸ ಬಂಡಲ್ ಸೋಮವಾರಕ್ಕಿಂತ ಮುಂಚೆ ಬರುವುದಿಲ್ಲ ಎಂದರು ಅಂಗಡಿಯವರು.

ಶುಕ್ರವಾರ ಬೆಳಿಗ್ಗೆ ಅವನು ಹರಿದ ಹಾಳೆಗಳನ್ನು ಅಂಗಳದಲ್ಲಿ ಬೋರಲು ಹಾಕಿಕೊಂಡು ಕುಳಿತು, ಕಟರ್ ಎಳೆದುಕೊಂಡ. ತೂತಾದ ಭಾಗ ಕತ್ತರಿಸಿ, ಉಳಿದದ್ದನ್ನು ಚಾವಣಿಯ ಎರಡೂ ಇಳಿಜಾರು ಕೂಡುವ ನೆತ್ತಿಗೆ ಬೇಕಾದ ಚೂರುಗಳಾಗಿ ಮಾಡುತ್ತ ಹೋದ. ನೆತ್ತಿಗೆಂದು ಎತ್ತಿಟ್ಟಿದ್ದ ಇಡೀ ಹಾಳೆಗಳು ಸಾಲುಗಳಿಗಾದವು. ಪ್ಯಾಕೆಟ್ ಮೇಲಿನ ಅಳತೆಗಳನ್ನು ಕನ್ನಡಕ ಏರಿಸಿ ಓದಿ ಹೇಳುವುದು ನನ್ನ ಡ್ಯೂಟಿ.

"ಕುರಿ ತುಪ್ಪಟ ಕತ್ತರ್ಸಿದ ಕೈ ಇದು," ಎಂದ. "ಕುರಿ ಆದ್ರೆ ಒದೀತೈತೆ. ಇದು ಪಾಪ, ಸುಮ್ನೆ ಬಿದ್ದೈತೆ."

"ಒಂದಿಂಚು ತಪ್ಪಿದರೆ?"

"ಮಾತಾಡಿಸ್ಬ್ಯಾಡ್ರಿ, ಓದ್ರಿ."

ಓದಿದೆ. ನನ್ನ ಟೀಚರುಗಳು ಕೂಡ ಅಷ್ಟು ಸ್ಟ್ರಿಕ್ಟ್ ಇರಲಿಲ್ಲ.

ಶನಿವಾರ ಇಳಿಹೊತ್ತಿಗೆ ನೆತ್ತಿಯ ಕೊನೆಯ ಚೂರು ಕೂತಿತು. ಭಾನುವಾರ ಬಂದ ಮಾಲೀಕರು ಏಣಿ ಹತ್ತಲಿಲ್ಲ, ಗೇಟಿನಲ್ಲೇ ನಿಂತು ತಲೆಯೆತ್ತಿ ನೋಡಿ, "ಎಷ್ಟು ವೇಸ್ಟ್ ಆತು?" ಎಂದರು. ಅವನು ಅಂಗಳದ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕವರ್ ತೋರಿಸಿದ. ಒಳಗೆ ಒಂದು ಮೊರದಷ್ಟೂ ಇರಲಿಲ್ಲ.

"ನಾಳೆ ಬಂದ್ಬಿಡು."

ಸೋಮವಾರ ಬಸ್ ಸ್ಟ್ಯಾಂಡಿನವರೆಗೆ ನಾನೇ ಆಟೋದಲ್ಲಿ ಬಿಟ್ಟುಬಂದೆ. ಕಟರ್ ಇಟ್ಟುಕೋ ಎಂದಾಗ ಒಮ್ಮೆ ಬೇಡವೆಂದ, ಎರಡನೇ ಸಲಕ್ಕೆ ಕಾಯಲಿಲ್ಲ. ಹಿರಿಯೂರು ಬಸ್ಸಿನ ಕಿಟಕಿಯ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬಸ್ ಹೊರಟಾಗ ನಾನು ಕೈ ಬೀಸಿದೆ. ಅವನು ಬೀಸಲಿಲ್ಲ, ಹಿಡಿ ಮೇಲೇಳದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ, ತಲೆ ಮಾತ್ರ ಆಡಿಸಿದ. ಅವನನ್ನು ನಾನು ಕೊನೆಯದಾಗಿ ಕಂಡದ್ದು ಆಗಲೇ.