ಹಿಂಬಾಗಿಲಿನ ಮಸಿ

ನಮ್ಮಕ್ಕನಿಗೆ ಯಾವ ಪೀಡೆಯೂ ಹಿಡಿದಿರಲಿಲ್ಲ. ಹಿಡಿದಿದೆ ಎಂದು ಊರೂರು ನಂಬುವಂತೆ ಮಾಡಿದವನು ನಾನು — ಅವಳ ಒಡಹುಟ್ಟಿದ ತಮ್ಮ. ಅವಳು ತಲೆ ಹಿಡಿದುಕೊಂಡು ಬಿದ್ದದ್ದು ನಮ್ಮ ಗಾಡಿಯ ಹೊಗೆಯಿಂದ. ಆ ಹೊಗೆ ಒಳಗೆ ಬರುತ್ತಿದ್ದದ್ದು ನಾನು ಕೆಡಿಸಿ ಮುಚ್ಚಿಟ್ಟ ಹಿಂಬಾಗಿಲಿನಿಂದ. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ — ಒಂದು ಮಾತು ಆಡಿದೆ. ಅದು ಸುಮ್ಮನಿರುವುದಕ್ಕಿಂತ ಕೆಟ್ಟದ್ದಾಗಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೈಗೆ ಒಗ್ಗಿದ ಕೆಲಸವಲ್ಲ. ಆದರೂ ಇದನ್ನು ಇನ್ನೊಬ್ಬರ ಕೈಲಿ ಬರೆಸಬಾರದು ಅನ್ನಿಸಿದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಚಿತ್ರದುರ್ಗದಲ್ಲಿದ್ದೆವು. ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು, ಅಣ್ಣನೇ ಯಜಮಾನ. ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದ. ಮನೆಯಲ್ಲಿ ಅತ್ತಿಗೆ, ಅವರ ಇಬ್ಬರು ಮಕ್ಕಳು, ಅಕ್ಕ, ನಾನು. ಹಿರಿಯೂರಿನವರೊಬ್ಬರು ಹಳೆಯ ಗಾಡಿ ಮಾರುತ್ತಾರೆಂದು ಅಣ್ಣನನ್ನು ಕರೆದುಕೊಂಡು ಹೋದವನು ನಾನೇ. ಜೀಪಿಗಿಂತ ದೊಡ್ಡದು, ಮುಂದೆ, ನಡುವೆ ಸೀಟು, ಹಿಂದೆ ಎದುರುಬದುರಾಗಿ ಎರಡು ಉದ್ದ ಸೀಟು. ಇಂಜಿನ್ ಗಟ್ಟಿಯಿತ್ತು, ಮೈ ಮಾತ್ರ ಕೆಟ್ಟಿತ್ತು. ಚಕ್ರಗಳ ಮೇಲಿನ ತಗಡಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಬೆರಳಲ್ಲಿ ಒತ್ತಿದರೆ ತುಕ್ಕು ಪುಡಿಯಾಗಿ ಉದುರುತ್ತಿತ್ತು. ಬಂಪರಿನ ಮೂಲೆ ಸೀಳಿತ್ತು. ಫುಟ್‌ಬೋರ್ಡು ಕಾಲಿಟ್ಟರೆ ಕುಣಿಯುತ್ತಿತ್ತು. ಹಿಂದಿನ ಕಿಟಕಿಯ ಗಾಜುಗಳು ತುಕ್ಕಿನಲ್ಲಿ ಕಚ್ಚಿಕೊಂಡು ಸರಿಯುತ್ತಲೇ ಇರಲಿಲ್ಲ. ಹಿಂಬಾಗಿಲ ಬೆನ್ನಿಗೆ ಸ್ಟೆಪ್ನಿ ಟೈರು ತೂಗುಹಾಕಿದ್ದರು, ಆ ಭಾರಕ್ಕೆ ಕೀಲು ಸವೆದು ಬಾಗಿಲು ಒಂದು ಕಡೆಗೆ ಜೋತುಬಿದ್ದಿತ್ತು.

ಅಣ್ಣ ಹಿಂದೆ ಮುಂದೆ ನೋಡಿದ. "ಮೈ ನಾನ್ ನೋಡ್ಕೊಂತೀನಿ ಬಿಡಣ್ಣ" ಅಂದೆ. ಅವನು ಕೀ ಕೊಡುವಾಗ ಹೇಳಿದ: "ಒಂದು ಗೀರು ಬಿದ್ರೂ ಕೀ ಕಸ್ಕೊಂತೀನಿ. ಆಮೇಲೆ ಅಂಗ್ಡೀಲಿ ಕುಂತು ತಂತಿ ಸುತ್ತಬೇಕಾಗ್ತೈತೆ ನೋಡು."

ದಿನಾ ಬೆಳಗ್ಗೆ ಅದನ್ನು ಒರೆಸುತ್ತಿದ್ದೆ. ಅಕ್ಕ ಬಾಗಿಲಲ್ಲಿ ನಿಂತು ಆಡಿಕೊಳ್ಳುತ್ತಿದ್ದಳು. "ಲೇ, ಅದುಕ್ಕೆ ಅರಿಶಿಣ ಒಂದು ಹಚ್ಚೋದು ಬಾಕಿ ಐತೆ. ನಂಗಿಂತ ಮೊದ್ಲು ಅದುಕ್ಕೇ ಗಂಡು ಹುಡುಕ್ತೀಯೇನೋ?" ಅವಳ ಮಾತೇ ಹಾಗಿತ್ತು ಆಗ. ಆಮೇಲೆ ಆ ಮಾತು —

ಒಂದು ಭಾನುವಾರ ಅಣ್ಣನಿಗೆ ಹೇಳದೆ ಗೆಳೆಯರನ್ನು ತುಂಬಿಕೊಂಡು ಚಂದ್ರವಳ್ಳಿಗೆ ಹೋದೆ. ಹಿಂದಕ್ಕೆ ತೆಗೆಯುವಾಗ ಬಂಡೆಗೆ ಗುದ್ದಿತು. ಹಿಂಬಾಗಿಲು ಕೆಳಗಡೆ ಒಳಕ್ಕೆ ಮಡಚಿಕೊಂಡಿತು. ಬಾಗಿಲ ಸುತ್ತಲಿನ ರಬ್ಬರು ಹರಿಯಿತು. ಸೈಲೆನ್ಸರಿನ ತುದಿ ಮುರಿದು ಬಿತ್ತು. ಗೆಳೆಯನೊಬ್ಬನ ಶೆಡ್ಡಿನಲ್ಲಿ ಬಡಿದು ನೇರ ಮಾಡಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದೆವು. ರಬ್ಬರಿನ ಜಾಗಕ್ಕೆ ಸೈಕಲ್ ಟ್ಯೂಬು ಸೀಳಿ ಅಂಟಿಸಿದೆ. ಸೈಲೆನ್ಸರನ್ನು ಹಾಗೇ ಬಿಟ್ಟೆ, ಬಗ್ಗಿ ನೋಡದ ಹೊರತು ಅದು ಕಾಣುತ್ತಿರಲಿಲ್ಲ. ಹೊರಗಿನಿಂದ ಬಾಗಿಲು ಹೊಸದರಂತೆ ಹೊಳೆಯಿತು. ಒಳಗಿನಿಂದ ಕೆಳಮೂಲೆಯಲ್ಲಿ ಒಂದು ಸಂದು ಉಳಿಯಿತು, ಅಲ್ಲಿಂದ ರಸ್ತೆ ಕಾಣುತ್ತಿತ್ತು. ಆ ಸಂದಿನ ಕೆಳಗೇ ಹೊಗೆ ಬರುವ ಜಾಗ.

ಹಿಂದಿನ ಸೀಟು ಅಕ್ಕನದು. ಯಾರೂ ಹಾಗೆಂದು ಹೇಳಿರಲಿಲ್ಲ, ಅದು ಹಾಗೇ ಆಗಿತ್ತು. ಗಂಡಸರು ಮುಂದೆ, ಅತ್ತಿಗೆ ಮಕ್ಕಳೊಂದಿಗೆ ನಡುವೆ, ಮದುವೆಯಾಗದ ಹೆಣ್ಣು ಚೀಲಗಳ ಜೊತೆ ಹಿಂದೆ. ಮೊದಲು ತಲೆನೋವು ಅಂದಳು. ಆಮೇಲೆ ಓಕರಿಕೆ. ಬಸ್ಸಿನಲ್ಲಿ ಎಷ್ಟು ದೂರ ಹೋದರೂ ಏನೂ ಆಗದವಳು ನಮ್ಮ ಗಾಡಿಯಿಂದ ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಒರೆಸಲು ಹಿಂಬಾಗಿಲು ತೆಗೆದಾಗ ಒಳಅಂಚಿನ ಉದ್ದಕ್ಕೂ ಕಪ್ಪಗೆ ಮಸಿ ಕೂತಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಅಣ್ಣ ನೋಡುವ ಮೊದಲೇ ಒರೆಸಿದೆ. ಆಮೇಲೆ ಪ್ರತಿ ಸಲವೂ. ಏನನ್ನು ಒರೆಸುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಅಂತಲೇ ಈಗ ಬರೆಯಬೇಕು.

ಹೊಳಲ್ಕೆರೆ ಕಡೆಯ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಹುಡುಗ ಸೊಸೈಟಿಯಲ್ಲಿ ಕೆಲಸಕ್ಕಿದ್ದ. ಹೊಸದುರ್ಗದಲ್ಲಿ ನೆಂಟರ ಗೃಹಪ್ರವೇಶವಿತ್ತು. ಎರಡು ಕಡೆಯವರೂ ಬರುತ್ತೇವೆ, ಹೆಣ್ಣನ್ನು ಅಲ್ಲೇ ನೋಡಿದರಾಯಿತು ಎಂದು ಮಾತಾಗಿತ್ತು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಧೂಳು ಬೀಳುತ್ತದೆಂದು ಅತ್ತಿಗೆ ನಡುಸೀಟಿನ ಗಾಜುಗಳನ್ನೂ ಏರಿಸಿಬಿಟ್ಟರು. ಹೊಳಲ್ಕೆರೆ ದಾಟುವವರೆಗೆ ಹಿಂದಿನಿಂದ ಅವಳ ಮಾತು ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ. ನಾನು ಕನ್ನಡಿಯಲ್ಲಿ ನೋಡಿದೆ — ತಲೆ ಕಿಟಕಿಗೆ ಆನಿಸಿದ್ದಳು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಹೊಸಮನೆಯ ತೋರಣದ ಕೆಳಗೆ, ಎಲ್ಲರೂ ನೋಡುತ್ತಿದ್ದಂತೆ, ಅವಳು ಬಿದ್ದಳು. ಕಣ್ಣು ಮೇಲಾಗಿತ್ತು. ಅವ್ವನನ್ನು ಕರೆದಳು, ಏನೇನೋ ತೊದಲಿದಳು, ಹೊಸಿಲ ಮೇಲೆಯೇ ಕಾರಿಕೊಂಡಳು. ಹೆಂಗಸರು ಹಿಂದೆ ಸರಿದರು. ಯಾರೋ "ಹೊಸಮನಿ ಹೊಸಿಲು ದಾಟಕ್ಕೆ ಆಗ್ಲಿಲ್ಲ ನೋಡ್ರವ್ವ ಅದುಕ್ಕೆ" ಅಂದರು. "ಅದು" ಅಂದದ್ದು ಅಕ್ಕನನ್ನಲ್ಲ.

ಹುಡುಗನ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯವರೇ, ದನಿ ಏರಿಸಲಿಲ್ಲ. "ತಮ್ಮಾ, ನಿಜ ಹೇಳಪ್ಪ. ದಾರೀಲಿ ಏನಾರ ಆತಾ? ಇಲ್ಲ ಹುಡುಗಿಗೆ ಮೊದ್ಲಿಂದ್ಲೇ ಐತಾ?"

ಆ ಹೊತ್ತಿಗೆ ಅಣ್ಣ ಹಣ್ಣಿನ ಬುಟ್ಟಿ ಇಳಿಸಲು ಹಿಂಬಾಗಿಲ ಹಿಡಿಕೆಗೆ ಕೈ ಹಾಕಿದ್ದ. ನಾನು ಹೊಗೆ ಅಂದಿದ್ದರೆ ಅಣ್ಣ ಬಗ್ಗುತ್ತಿದ್ದ. ಮುರಿದ ತುದಿ, ಸೈಕಲ್ ಟ್ಯೂಬು, ಮಸಿ — ಎಲ್ಲ ಅಲ್ಲೇ ಇದ್ದವು. ನನಗೆ ಆಗ ಕಂಡದ್ದು ಅಕ್ಕನ ಮುಖವಲ್ಲ. ಗಾಡಿಯ ಕೀ.

"ಆವಾಗಾವಾಗ ಹಿಂಗಾಗ್ತೈತ್ರಿ" ಅಂದೆ. "ಮೊದ್ಲಿಂದ್ಲೂ."

ಅಷ್ಟೇ. ಅವರು ತಲೆಯಾಡಿಸಿ ಹೋದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಆ ಮಾತು ಪಂಕ್ತಿಯಲ್ಲಿ ಕೂತವರಿಗೆಲ್ಲ ಮುಟ್ಟಿತ್ತು. ಅಣ್ಣ ನನ್ನ ರಟ್ಟೆ ಹಿಡಿದು ಕೇಳಿದ: "ಯಾವಾಗಿಂದ್ಲೋ? ನಂಗ್ಯಾಕೋ ಹೇಳ್ಲಿಲ್ಲ?" ನಾನು ನೆಲ ನೋಡಿದೆ. ಅವನು ಅದನ್ನೇ ಉತ್ತರ ಅಂದುಕೊಂಡ.

ಹಿರಿಯೂರು ಹತ್ತಿರ, ಬಬ್ಬೂರಿನ ಆಚೆ ಒಬ್ಬ ಪೀಡೆ ಬಿಡಿಸುವವನಿದ್ದ. ಅಮಾವಾಸ್ಯೆ ಅಮಾವಾಸ್ಯೆಗೆ ಬರಹೇಳಿದ. ಅವಳನ್ನು ಅಲ್ಲಿಗೆ ಕರೆದೊಯ್ದದ್ದು ಅದೇ ಗಾಡಿಯಲ್ಲಿ, ಅದೇ ಸೀಟಿನಲ್ಲಿ, ಮೈತುಂಬ ಕಂಬಳಿ ಹೊದಿಸಿ. ಗಾಡಿ ಓಡಿಸಿದ್ದು ನಾನು. ಹಿರಿಯೂರು ಹತ್ತಿರವಾಗುತ್ತಿದ್ದಂತೆ ಅವಳು ನರಳತೊಡಗುತ್ತಿದ್ದಳು, ಇಳಿಸುವಾಗ ಕಾಲು ನಿಲ್ಲುತ್ತಿರಲಿಲ್ಲ. ಅವನು ಅಣ್ಣನಿಗೆ ತೋರಿಸುತ್ತಿದ್ದ. "ನೋಡ್ರಿ ಯಜಮಾನ್ರೆ, ಜಾಗ ಹತ್ರ ಬಂದಂಗೆ ಹೆಂಗ್ ಒದ್ದಾಡ್ತೈತೆ. ಅದುಕ್ಕೆ ನಾನು ಗೊತ್ತು." ಕೂದಲು ಬಿಚ್ಚಿಸಿ, ಬೇವಿನ ಬರಲಿನಿಂದ ಹೊಡೆದ. "ಯಾರು ನೀನು? ಹೇಳು!" ಅಂತ ಕೂಗುತ್ತಿದ್ದ. ಅವಳು ತನ್ನ ಹೆಸರನ್ನೇ ಹೇಳಿದಳು. ಸುಳ್ಳು ಅಂತ ಮತ್ತೆ ಹೊಡೆದ. ನಾನು ಗಾಡಿಯ ಪಕ್ಕ ನಿಂತಿದ್ದೆ.

ಒಂದು ಸಲ ಅಣ್ಣನೇ ಗಾಡಿ ಓಡಿಸಿದ. ಅವಳನ್ನು ಹಿಡಿದುಕೊಳ್ಳಲು ನನ್ನನ್ನು ಹಿಂದೆ ಕೂರಿಸಿದರು. ಅಲ್ಲಿ ಕೂತದ್ದು ಅದೇ ಮೊದಲು. ಸ್ವಲ್ಪ ದೂರಕ್ಕೇ ಕಣ್ಣು ಉರಿಯತೊಡಗಿತು, ನಾಲಿಗೆಯ ಮೇಲೆ ಮಸಿಯ ರುಚಿ, ಕಪಾಲ ಸಿಡಿಯುವ ಹಾಗೆ ನೋವು. ಹಣೆ ಒತ್ತಿಕೊಂಡೆ. ಅಕ್ಕ ಕಂಬಳಿಯೊಳಗಿಂದ ನನ್ನನ್ನು ನೋಡಿದಳು. ಅವಳ ಆ ಮುಖ —

"ನಿಂಗೂ ಬಂತೇನೋ?" ಅಂದಳು. "ನನ್ನಿಂದ ನಿಂಗೂ ಅಂಟಿಕೊಂತಾ?"

ನನ್ನ ಕೈಯಿಂದ ತನ್ನ ಕೈ ಕಿತ್ತುಕೊಂಡು, ಮೂಲೆಗೆ ಸರಿದು, ಆ ಸಂದಿನ ಹತ್ತಿರವೇ ಮುದುಡಿ ಕೂತಳು. ನನ್ನನ್ನು ಉಳಿಸಲು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುವಾರ ಕದ್ದು ಎಲ್ಲ ಸರಿ ಮಾಡಿಸಿದೆ. ಹೊಸ ರಬ್ಬರು, ಕೀಲು, ಸೈಲೆನ್ಸರಿನ ತುದಿ. ಅಕ್ಕನಿಗೆ ಮತ್ತೆ ತಲೆ ನೋಯಲಿಲ್ಲ. ಪೀಡೆ ಬಿಡಿಸುವವನು ತಾನು ಗೆದ್ದೆ ಅಂದ. ಬಿಟ್ಟುಹೋಗಿದೆ, ಆದರೆ ಮದುವೆ ಮಕ್ಕಳು ಅಂತಾದರೆ ತಿರುಗಿ ಬರಬಹುದು, ಎಳೆಗೂಸುಗಳನ್ನು ಮುಟ್ಟದಿದ್ದರೆ ಒಳ್ಳೆಯದು ಅಂದ. ಉಳಿದವರು ಅರ್ಧ ನಂಬಿದರು. ಅಕ್ಕ ಪೂರ್ತಿ ನಂಬಿದಳು — ನನ್ನ ಹಣೆ ನೋಯುವುದನ್ನು ಕಣ್ಣಾರೆ ಕಂಡಿದ್ದಳಲ್ಲ. ಮತ್ತೆ ಯಾವ ಸಂಬಂಧವೂ ಬರಲಿಲ್ಲ. ಬಂದಿದ್ದರೂ ಅವಳು ಒಪ್ಪುತ್ತಿರಲಿಲ್ಲ. ರವಿಕೆ ಹೊಲಿಯುತ್ತ ಒಂದು ಕೋಣೆಗೆ ಸೇರಿಕೊಂಡಳು. ಗಾಡಿಯನ್ನು ಅಣ್ಣ ಮಾರಿಬಿಟ್ಟ. ನಾನು ಮದುವೆಯಾದೆ, ಬೇರೆ ಮನೆ ಮಾಡಿದೆ. ನನ್ನ ಮಕ್ಕಳನ್ನು ಅವಳು ದೂರದಿಂದಲೇ ಮಾತಾಡಿಸಿದಳು. ವರ್ಷಗಳು ಹೋದವು, ನಾನು ಹೋಗಲು ಬಿಟ್ಟೆ.

ಆಗ ಚಿಕ್ಕವಳಿದ್ದ ಅಣ್ಣನ ಮಗಳು ಈಗ ಬಾಣಂತಿ. ಕೂಸನ್ನು ನೋಡಲು ಹೋದವನು ಕಂಡದ್ದು ಇದು: ಅಕ್ಕ ಹಿತ್ತಲಲ್ಲಿ, ಕಿಟಕಿಯ ಹೊರಗೆ, ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡು ನಿಂತಿದ್ದಳು. ಒಳಗೆ ತೊಟ್ಟಿಲು. ತನ್ನ ಉಸಿರು ಕೂಸಿಗೆ ತಾಗಬಾರದೆಂದು.

ಅಲ್ಲೇ, ಹಿತ್ತಲಲ್ಲೇ ಹೇಳಿದೆ. ಚಂದ್ರವಳ್ಳಿಯ ಬಂಡೆಯಿಂದ ಹಿಡಿದು ಎಲ್ಲವನ್ನೂ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಕೇಳಿದಳು.

"ಆವತ್ತು ನಿಂಗೆ ತಲೆ ನೋಯ್ತಲ್ಲ?"

"ಹೊಗೇಗೇ ಅಕ್ಕ."

"ನನ್ನಿಂದ ಅಲ್ಲ?"

"ಅಲ್ಲ."

ಸೆರಗು ಬಾಯಿಂದ ಇಳಿಯಿತು. "ಇದುನ್ನ ನಂಗೊಬ್ಳಿಗೇ ಹೇಳಿದ್ರೆ ಹೆಂಗೋ?" ಅಂದಳು. "ಆವತ್ತು ಎಲ್ಲಾರಿಗೂ ಹೇಳ್ದಲ್ಲ. ಹಂಗೇ ಹೇಳು."

ಆಮೇಲೆ ಅವಳು ನನ್ನೊಂದಿಗೆ ಮಾತಾಡಿಲ್ಲ. ಕೇಳುವ ಹಕ್ಕು ನನಗಿಲ್ಲ.

ಅಣ್ಣ ಅತ್ತಿಗೆಯ ಮುಂದೆ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದ. ಹೊಸದುರ್ಗದ ಆ ಮನೆಗೆ ಹೋಗಿ ಹೇಳಿದೆ. ಹೊಳಲ್ಕೆರೆಯಲ್ಲಿ ದೊಡ್ಡಪ್ಪನವರು ತೀರಿಕೊಂಡು ಬಹಳ ಕಾಲವಾಗಿತ್ತು, ಅವರ ಸೊಸೆಗೆ ಹೇಳಿ ಬಂದೆ. ಆ ದಿನ ಅಲ್ಲಿಗೆ ಬಂದಿದ್ದ ತುರುವನೂರಿನ ನೆಂಟರಿಗೂ ಹೇಳಿದೆ. ಆದರೆ ಆ ಪಂಕ್ತಿಯಲ್ಲಿ ಉಂಡು ಎದ್ದವರು ಯಾರು ಯಾರು, ಯಾವ ಯಾವ ಊರಿಗೆ ಆ ಮಾತನ್ನು ಕೊಂಡೊಯ್ದರು, ನನಗೆ ತಿಳಿಯದು. ಆ ಮನೆಗಳಿಗೆ ನಾನು ನಡೆದು ಮುಟ್ಟಲಾರೆ. ಅದಕ್ಕೆ ಬರೆದಿದ್ದೇನೆ. ಅಕ್ಕನ ಹೆಸರು ಬರೆಯಲೋ ಬೇಡವೋ ಎಂದು ಅತ್ತಿಗೆಯ ಕೈಲಿ ಕೇಳಿಸಿದೆ. ಬರೀಲಿ ಅಂದಳಂತೆ.

ನಮ್ಮಕ್ಕನ ಹೆಸರು ರತ್ನಮ್ಮ. ಅವಳಿಗೆ ಯಾವತ್ತೂ ಏನೂ ಇರಲಿಲ್ಲ.