ಮೇಷ್ಟ್ರು ಹೇಳಿಕೊಟ್ಟ ಭೂಮಿಯ ಓರೆ

ಮೊನ್ನೆ ಸವಳಂಗ ರಸ್ತೆಯ ತಳ್ಳುಗಾಡಿಯವನು ರುಚಿ ನೋಡಿ ಎಂದು ಕಿತ್ತಳೆಯೊಂದನ್ನು ಸುಲಿದು ಕೊಟ್ಟ. ಸಿಪ್ಪೆಯ ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ನಮ್ಮ ಒಂಬತ್ತನೇ ತರಗತಿ ಕಣ್ಣೆದುರು ಬಂತು. ಜೊತೆಗೆ ಭೂಗೋಳದ ಮೇಷ್ಟ್ರೂ ಬಂದರು. ಅವರನ್ನು ನೆನೆಯಬಾರದು ಅಂದುಕೊಂಡು ಎಷ್ಟೋ ವರ್ಷವಾಗಿತ್ತು...

ಅವರು ಕೊಡೆಯ ಕಡ್ಡಿಯೊಂದನ್ನು ಕಿತ್ತಳೆಗೆ ಚುಚ್ಚಿ, ಓರೆಯಾಗಿ ಹಿಡಿದು, ಮೇಜಿನ ಮೇಲೆ ಉರಿಯುವ ಮೇಣದಬತ್ತಿಯ ಸುತ್ತ ನಡೆಯುತ್ತಿದ್ದರು. “ಜನವರಿಯಲ್ಲಿ ಸೂರ್ಯ ನಮಗೆ ಹತ್ತಿರ. ಮತ್ಯಾಕ್ರೋ ಚಳಿ?” ಎಂದು ಕೇಳುತ್ತಿದ್ದರು. ಆಮೇಲೆ ತಾವೇ ಹೇಳುತ್ತಿದ್ದರು, “ದೂರ ಹತ್ತಿರದ್ದಲ್ಲ, ಈ ಓರೆಯ ಆಟ. ನೆಟ್ಟಗೆ ನಿಂತಿದ್ರೆ ಬೇಸಿಗೆನೂ ಇಲ್ಲ, ಮಳೆಗಾಲಾನೂ ಇಲ್ಲ.” ಆ ಓರೆಯೂ ಒಂದೇ ಸಮ ಇರುವುದಿಲ್ಲ, ಸ್ವಲ್ಪ ಹೆಚ್ಚಿ ಸ್ವಲ್ಪ ತಗ್ಗಿ ಮೊದಲಿನಂತಾಗಲು ನಲವತ್ತು ಸಾವಿರ ವರ್ಷ ಬೇಕು, ಹಿಮಯುಗಗಳು ಬಂದುಹೋಗುವುದರಲ್ಲಿ ಅದರ ಕೈವಾಡವಿದೆ ಎಂದು ಹೇಳಿದ್ದು ಅವರೇ. ಅಷ್ಟು ಉದ್ದದ ಕಾಲವನ್ನು ಊಹಿಸಿಕೊಂಡು ಅವತ್ತು ನನಗೆ ತಲೆ ತಿರುಗಿತ್ತು.

ಹತ್ತನೇ ತರಗತಿ ಮುಗಿದಾಗ ಲಾರಿ ಮೆಕ್ಯಾನಿಕ್ ಆಗಿದ್ದ ಅಬ್ಬ ನನ್ನ ಓದು ಸಾಕೆಂದರು. ಮೇಷ್ಟ್ರು ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಗ್ಯಾರೇಜಿಗೇ ಬಂದರು. “ನಿಲ್ಲಿಸ್ಬೇಡಿ ಭಾಯ್. ಪ್ರಶ್ನೆ ಕೇಳೋ ಹುಡುಗಿ ಇವಳು.” ನಾನು ಬಿ.ಎಸ್ಸಿ. ಓದಿ ಟೀಚರ್ ಆದದ್ದು ಆ ಒಂದು ಮಾತಿನಿಂದ.

ಅವರು ನಿವೃತ್ತರಾಗಿ ಕೆಲವು ವರ್ಷಗಳ ಮೇಲೆ ಊರಾಚೆಯ ಗುಡ್ಡದಲ್ಲಿ ಕಲ್ಲು ಒಡೆಯಲು ಒಂದು ಕಂಪನಿ ಬಂತು. ಗುಡ್ಡ ಬೋಳಾದರೆ ಹಳ್ಳ ಬತ್ತುತ್ತದೆ, ಈಗಲೇ ಸೆಖೆ ತಡೆಯಲಾಗುತ್ತಿಲ್ಲ ಎಂದು ಜನ ಅಹವಾಲು ಸಭೆಯಲ್ಲಿ ಗಲಾಟೆ ಮಾಡಿದರು. ನಾನೂ ಆ ಸಭೆಗೆಂದೇ ಊರಿಗೆ ಹೋಗಿದ್ದೆ. ಆಗ ವೇದಿಕೆಯ ಮೇಲಿದ್ದ ಮೇಷ್ಟ್ರು ಎದ್ದು ಮೈಕ್ ಹಿಡಿದರು. ನಮ್ಮ ಪರವಾಗಿ ಮಾತಾಡುತ್ತಾರೆಂದು ನಾನೇ ಮೊದಲು ಚಪ್ಪಾಳೆ ತಟ್ಟಿದೆ.

“ಭೂಮಿಯ ಓರೆ ಬದಲಾಗ್ತಾ ಇರುತ್ತೆ, ಹವಾಮಾನವೂ ಬದಲಾಗುತ್ತೆ. ಅದು ಪ್ರಕೃತಿ. ಅದಕ್ಕೂ ಈ ಗುಡ್ಡಕ್ಕೂ ಸಂಬಂಧ ಇಲ್ಲ.”

ಎದುರಿಗೆ ಕೂತವರಲ್ಲಿ ಅರ್ಧ ಜನ ಅವರ ಶಿಷ್ಯರೇ. ಒಬ್ಬೊಬ್ಬರಾಗಿ ತಲೆಯಾಡಿಸಿದರು. ನಾನು ಎದ್ದು ನಿಂತೆ. “ಸರ್, ಆ ಓರೆ ಬದಲಾಗೋಕೆ ಎಷ್ಟು ಸಾವಿರ ವರ್ಷ ಬೇಕು? ಅದನ್ನೂ ಹೇಳಿ.”

ಅವರು ನನ್ನನ್ನೇ ನೋಡಿದರು. ಗುರುತು ಸಿಕ್ಕಿತ್ತು.

“ಕೂತ್ಕೊಳಮ್ಮ. ಇದು ಕ್ಲಾಸ್ ರೂಮಲ್ಲ.”

ಜನ ನಕ್ಕರು. ನಾನು ಕೂತೆ...

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅಡ್ಡ ನಿಂತು ಕೇಳಿದೆ. “ನಿಮಗೆ ಗೊತ್ತಿತ್ತಲ್ಲ ಸರ್?”

“ಗೊತ್ತಿತ್ತು.” ಕನ್ನಡಕ ತೆಗೆದು ಶರ್ಟಿಗೆ ಒರೆಸಿಕೊಂಡರು. “ಕಂಪನಿಯವರು ನಮ್ಮ ಸ್ಕೂಲಿಗೆ ಎರಡು ರೂಮ್ ಕಟ್ಟಿಸ್ಕೊಡ್ತಾರೆ. ಸೋರೋ ಸೂರಿನ ಕೆಳಗೆ ಮಕ್ಕಳು ಇನ್ನೆಷ್ಟು ವರ್ಷ ಕೂರ್ಬೇಕು, ನೀನೇ ಹೇಳು.”

ಕಂಪನಿಯವರು ಬಂದು ಸುಳ್ಳು ಹೇಳಿದ್ದರೆ ಜಗಳವಾಡುತ್ತಿದ್ದೆ. ನಾನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಪಾಠದಿಂದಲೇ ಮೇಷ್ಟ್ರು ಸುಳ್ಳು ಹೆಣೆದಿದ್ದರು. ಸಲಾಂ ಕೂಡ ಹೇಳದೆ ಬಸ್ ಹತ್ತಿದೆ.

ರೂಮುಗಳು ಎದ್ದವು. ಹಳ್ಳ ಈಗ ಸಂಕ್ರಾಂತಿಗೇ ಬತ್ತುತ್ತದೆ. ಮೇಷ್ಟ್ರು ತೀರಿಕೊಂಡರೆಂದು ಹಳೆಯ ಸಹಪಾಠಿ ಫೋನ್ ಮಾಡಿದಾಗ ನಾನು ವಿದ್ಯಾನಗರದ ನಮ್ಮ ಶಾಲೆಯಲ್ಲಿದ್ದೆ. ರಜೆ ಹಾಕಿದ್ದರೆ ಒಂದು ಗಂಟೆಯೊಳಗೆ ಭದ್ರಾವತಿ ಸೇರಬಹುದಿತ್ತು. ಹೋಗಲಿಲ್ಲ. ಅವತ್ತಿನ ಪಿರಿಯಡ್‌ಗಳನ್ನೆಲ್ಲ ಒಂದೂ ಬಿಡದೆ ತೆಗೆದುಕೊಂಡೆ.

ಈ ವಾರ ಋತುಗಳ ಪಾಠ ಮಾಡುವಾಗ ಎಲ್ಲವನ್ನೂ ಹೇಳಿದೆ: ಓರೆ, ಸಾವಿರಾರು ವರ್ಷ, ನಮ್ಮ ಕಾಲದ ಸೆಖೆ ಅದರ ಲೆಕ್ಕದಲ್ಲಿ ಬರುವುದಿಲ್ಲ ಎನ್ನುವುದನ್ನೂ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, “ಮಿಸ್, ನಿಮಗೆ ಇದನ್ನೆಲ್ಲ ಯಾರು ಹೇಳ್ಕೊಟ್ರು?”

“ಪುಸ್ತಕದಲ್ಲಿದೆ, ಓದ್ಕೋ” ಅಂದೆ.

ಪುಸ್ತಕದಲ್ಲಿ ಅಷ್ಟೆಲ್ಲ ಇರಲಿಲ್ಲ.